ಬಸುರಿಲಿ ವಾಕಿಂಗಾ, ಯೋಗಾನಾ, ಹೊಲದ ಕೆಲಸಾನಾ, ರೆಸ್ಟಾ? ಕೂಸಿನ ತೂಕ ನೋಡ್ಕೊಂಡು ಆರಿಸೋದು ಹೆಂಗೆ

ನಮ್ಮನೇಲಿ ಈ ವರ್ಷ ಇಬ್ರು ಬಸುರಿಯರು. ಒಬ್ಳು ನನ್ನ ತಂಗಿ, ದಾವಣಗೆರೆ ವಿದ್ಯಾನಗರದಲ್ಲಿ ಮನೆ, ಬ್ಯಾಂಕಲ್ಲಿ ಕೆಲಸ, ಬೆಳಗ್ಗೆ ಹತ್ತಕ್ಕೆ ಕುರ್ಚಿ ಮೇಲೆ ಕೂತ್ರೆ ಸಂಜೆ ಆರಕ್ಕೆ ಏಳೋದು. ಇನ್ನೊಬ್ಳು ನನ್ನ ತಮ್ಮನ ಹೆಂಡ್ತಿ, ಜಗಳೂರು ಕಡೆ ಹಳ್ಳಿ, ಮೆಕ್ಕೆಜೋಳ ಶೇಂಗಾ ಹೊಲ, ಎರಡು ಎಮ್ಮೆ, ನೀರು ಬಿಟ್ಟಾಗ ಎದ್ದೋಡಿ ಕೊಡ ತುಂಬಿಸ್ಕೋಬೇಕು. ಇಬ್ರಿಗೂ ಐದನೇ ತಿಂಗಳು. ಹೋದ ವಾರ ಇಬ್ರೂ ಒಂದೆರಡು ದಿನದ ಅಂತರದಲ್ಲಿ ಫೋನ್ ಮಾಡಿದ್ರು. ತಂಗಿ ಕೇಳಿದ್ದು, "ಅಕ್ಕಾ, ವಾಕಿಂಗ್ ಯೋಗ ಅಂತ ಶುರು ಮಾಡಿದ್ರೆ ಕೂಸು ಸಣ್ಣ ಆಗಿಬಿಡತೈತಂತೆ, ಹೌದಾ?" ತಮ್ಮನ ಹೆಂಡ್ತಿ ಕೇಳಿದ್ದು, "ಅಕ್ಕಾರ, ಕೆಲಸ ಮಾಡಿದಷ್ಟೂ ಹೆರಿಗೆ ಸಲೀಸು ಅಂತಾರ ಅತ್ತಿಯಾರು, ನಂಗೆ ಸಂಜಿಗೆ ಸೊಂಟ ಬಿದ್ದು ಹೋಗತೈತ್ರಿ, ಕೂಸಿಗೆ ಏನೂ ಆಗಲ್ಲಾ?"

ಪ್ರಶ್ನೆ ನೋಡೋಕೆ ಒಂದೇ, ಉತ್ರ ಮಾತ್ರ ಪೂರಾ ಉಲ್ಟಾ. ತಂಗಿಗೆ ನಾನು ಎದ್ದು ನಡಿ ಅಂದೆ, ತಮ್ಮನ ಹೆಂಡ್ತಿಗೆ ಅರ್ಧ ಕೆಲಸ ಬಿಟ್ಟು ಕೂತ್ಕೋ ಅಂದೆ. ಇಬ್ರೂ ಆಮೇಲೆ ಮಾತಾಡ್ಕೊಂಡು ಅಕ್ಕ ಯಾಕೆ ಹಿಂಗೆ ಎರಡು ಥರ ಹೇಳ್ತಾಳೆ ಅಂದ್ರಂತೆ. ಅದಕ್ಕೇ ಎಲ್ಲಾನೂ ಒಂದ್ಕಡೆ ಕೂತು ಬರೀತಿದೀನಿ, ಅವರಿಬ್ರಿಗೂ ಆಗುತ್ತೆ, ನಿಮ್ಮನೇಲಿ ಬಸುರಿ ಇದ್ರೆ ನಿಮಗೂ ಆಗುತ್ತೆ.

ಮೊದ್ಲು ನನ್ನ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ನಾನು ಈ ವಿಷಯ ಇಷ್ಟು ಮನಸ್ಸಿಗೆ ಹಚ್ಕೊಳ್ಳೋಕೆ ಅದೇ ಕಾರಣ. ನನ್ನ ಮೊದಲ ಬಸುರಲ್ಲಿ ಮೂರನೇ ತಿಂಗಳಿಗೇ ಒಂದು ಕ್ಲಿನಿಕ್ಕಲ್ಲಿ ಫುಲ್ ಬೆಡ್ ರೆಸ್ಟ್ ಅಂತ ಬರೆದುಕೊಟ್ರು. ಬ್ಲೀಡಿಂಗ್ ಇರ್ಲಿಲ್ಲ, ಸ್ಕ್ಯಾನಲ್ಲಿ ಏನೂ ತೊಂದ್ರೆ ಇರ್ಲಿಲ್ಲ, ಯಾಕೆ ಅಂತ ಕೇಳಿದ್ರೆ "ಮೊದಲನೇದು ಅಲ್ವಾ, ಹುಷಾರಾಗಿರ್ಲಿ" ಅಷ್ಟೇ. ನಾನೂ ಕೂತೆ, ಮಲಗಿದೆ, ಬಂದೋರೆಲ್ಲಾ ಇಬ್ರಿಗೆ ತಿನ್ನಬೇಕು ಅಂತ ತಿನ್ನಿಸಿದ್ರು, 19 ಕೆಜಿ ಏರಿದೆ, ಏಳನೇ ತಿಂಗಳಲ್ಲಿ ಸಕ್ಕರೆ ಬಂತು, ಮಗ ಹುಟ್ಟಿದ್ದು 4.1 ಕೆಜಿ. ಸಿಸೇರಿಯನ್. ನೋಡೋಕೆ ಬಂದೋರೆಲ್ಲಾ ಗುಂಡಗಿದಾನೆ ಅಂತ ಖುಷಿ ಪಟ್ರು, ಆದ್ರೆ ಆ ಗುಂಡ ಕೂಸಿಗೆ ಹುಟ್ಟಿದ ಎರಡು ತಾಸಿಗೆ ಶುಗರ್ ಕೆಳಗೆ ಬಿದ್ದು ಎರಡು ದಿನ ಐಸಿಯುಲಿ ಗ್ಲೂಕೋಸ್ ಹಾಕಿದ್ರು, ಆ ಎರಡು ದಿನ ನಾನು ಅನುಭವಿಸಿದ್ದು ನಂಗೇ ಗೊತ್ತು. ಎರಡನೇ ಬಸುರಲ್ಲಿ ಬೇರೆ ಡಾಕ್ಟ್ರಮ್ಮ, ಮೊದಲ ದಿನದಿಂದ ನಡೆಸಿದ್ರು, ಊಟ ನೋಡಿಕೊಂಡ್ರು, ಮಗಳು 3.2 ಕೆಜಿ. ಇದನ್ನೇ ಹಿಡ್ಕೊಂಡು ವಾಕಿಂಗ್ ಮಾಡಿದ್ದಕ್ಕೇ ಎಲ್ಲಾ ಸರಿಯಾಯ್ತು ಅಂತ ನಾನು ಹೇಳಲ್ಲ, ಎರಡನೇ ಸಲ ಊಟಾನೂ ಬದಲಾಗಿತ್ತು, ಶುಗರ್ ಟೆಸ್ಟೂ ಬೇಗ ಆಗಿತ್ತು. ಒಬ್ರ ಕಥೆಯಿಂದ ತೀರ್ಮಾನ ಮಾಡೋಕಾಗಲ್ಲ, ಅದಕ್ಕೇ ಮುಂದೆ ಸಾವಿರಾರು ಜನರನ್ನ ನೋಡಿ ಹೇಳಿದ ಲೆಕ್ಕಾನೂ ಇಡ್ತೀನಿ.

ಕೂಸು ಎಷ್ಟಿದ್ರೆ ಸರಿ

ನಮ್ಮಲ್ಲಿ ದಪ್ಪ ಇದ್ರೆ ಆರೋಗ್ಯ, ಸಣ್ಣ ಇದ್ರೆ ಅಯ್ಯೋ ಪಾಪ. ಡಾಕ್ಟ್ರುಗಳ ಲೆಕ್ಕದಲ್ಲಿ ಎರಡೂ ಕಡೆ ಗೆರೆ ಇದೆ. 2.5 ಕೆಜಿಗಿಂತ ಕೆಳಗೆ ಹುಟ್ಟಿದ್ರೆ ಕಡಿಮೆ ತೂಕದ ಕೂಸು, 4 ಕೆಜಿ ದಾಟಿದ್ರೆ ಅತಿ ದೊಡ್ಡ ಕೂಸು. ಸಣ್ಣದಾದ್ರೆ ಮೈ ಬೆಚ್ಚಗಿರಲ್ಲ, ಹಾಲು ಎಳೆಯೋ ಶಕ್ತಿ ಕಡಿಮೆ, ಸೋಂಕು ಬೇಗ ತಗಲುತ್ತೆ. ದೊಡ್ಡದಾದ್ರೆ ಹೆರಿಗೆಲಿ ಭುಜ ಸಿಕ್ಕಿಹಾಕಿಕೊಳ್ಳೋದು, ತಾಯಿಗೆ ಹೊಲಿಗೆ ಜಾಸ್ತಿ, ಸಿಸೇರಿಯನ್ ಸಾಧ್ಯತೆ ಜಾಸ್ತಿ, ಆಮೇಲೆ ನನ್ನ ಮಗನ ಥರ ಶುಗರ್ ಇಳಿಯೋದು. ತಾಯಿ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ರೆ ಅದು ಮಾಸು ದಾಟಿ ಕೂಸಿಗೆ ಹೋಗುತ್ತೆ, ತಾಯಿ ಇನ್ಸುಲಿನ್ ಮಾತ್ರ ದಾಟಲ್ಲ, ಆಗ ಕೂಸು ತನ್ನದೇ ಇನ್ಸುಲಿನ್ ಜಾಸ್ತಿ ಮಾಡಿಕೊಂಡು ಆ ಸಕ್ಕರೇನ ಕೊಬ್ಬು ಮಾಡಿಟ್ಕೊಳ್ಳುತ್ತೆ, ಹುಟ್ಟಿ ಹೊಕ್ಕಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ಬರೋದು ನಿಂತ್ರೂ ಇನ್ಸುಲಿನ್ ನಿಲ್ಲಲ್ಲ, ಅದಕ್ಕೆ ಶುಗರ್ ಧಡಕ್ಕನೆ ಬೀಳೋದು.

ಇನ್ನೊಂದು ವಿಷಯ, ನಮ್ಮ ಕೂಸುಗಳು ಮೊದ್ಲೇ ಹಗುರ. ಪುಣೆ ಸುತ್ತಲಿನ ಹಳ್ಳಿ ಕೂಸುಗಳನ್ನ ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳ ಜೊತೆ ಪುಣೆಯ ಸಕ್ಕರೆ ಕಾಯಿಲೆ ಸಂಶೋಧಕ ಡಾಕ್ಟರ್ ಯಾಜ್ಞಿಕ್ ಮತ್ತೆ ಅವರ ತಂಡ ಹೋಲಿಸಿ ನೋಡಿದಾಗ ಇಲ್ಲಿಯವು ಸರಾಸರಿ 2.7 ಕೆಜಿ, ಅಲ್ಲಿಯವು 3.5 ಕೆಜಿ. ಆದ್ರೆ ಕಡಿಮೆ ಆಗಿದ್ದು ಬಹುಪಾಲು ಮಾಂಸಖಂಡ ಮತ್ತೆ ಹೊಟ್ಟೆ ಭಾಗದ ಅಂಗಗಳು; ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೊಂದು ಕಡಿಮೆ ಇರ್ಲಿಲ್ಲ. ಅಂದ್ರೆ ತೂಕದ ಮಷಿನ್ ಒಂದೇ ನಂಬಿ ಕೂರೋ ಹಾಗಿಲ್ಲ, ಸಣ್ಣಗೆ ಕಾಣೋ ಕೂಸಲ್ಲೂ ಕೊಬ್ಬಿರುತ್ತೆ, ಮುಂದೆ ದೊಡ್ಡೋರಾದಾಗ ಸಕ್ಕರೆ ಕಾಯಿಲೆ ಕಡೆ ವಾಲೋದಕ್ಕೆ ಇದೂ ಒಂದು ಬೇರು ಅಂತ ಅವರು ಹೇಳೋದು. ಹಂಗಾಗಿ ನನ್ನ ಪ್ರಕಾರ ಆಯ್ಕೆ ಮಾಡೋವಾಗ "ಕೂಸು ದೊಡ್ಡದಾಗ್ಬೇಕಾ ಸಣ್ಣದಾಗ್ಬೇಕಾ" ಅಂತ ಯೋಚ್ನೆ ಮಾಡೋದಲ್ಲ, ಈ ತಾಯಿ ಈಗ ಯಾವ ಕಡೆ ವಾಲಿದಾಳೆ ಅಂತ ನೋಡೋದು.

ರೆಸ್ಟ್

ಡಾಕ್ಟ್ರು ಕಾರಣ ಹೇಳಿ ರೆಸ್ಟ್ ಅಂದ್ರೆ ಎರಡು ಮಾತಿಲ್ಲ, ಮಲಗಿ. ಮಾಸು ಕೆಳಗೆ ಕೂತಿದೆ, ಗರ್ಭಕಂಠಕ್ಕೆ ಹೊಲಿಗೆ ಹಾಕಿದಾರೆ, ಬಿಪಿ ಏರಿದೆ, ನೀರು ಹೋಗಿದೆ, ಬ್ಲೀಡಿಂಗ್ ಇದೆ, ಅವಧಿಗೆ ಮೊದ್ಲೇ ನೋವು ಬರ್ತಿದೆ, ಹೃದಯದ ತೊಂದ್ರೆ ಇದೆ, ಕೂಸು ಬೆಳೀತಿಲ್ಲ ಅಂತ ಸ್ಕ್ಯಾನಲ್ಲಿ ಬಂದಿದೆ, ಇಂಥವರು ಇಲ್ಲಿ ಕೆಳಗೆ ಬರೆದಿರೋ ಯಾವುದನ್ನೂ ತಾವೇ ಶುರು ಮಾಡ್ಬೇಡಿ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ರೂ ಅಷ್ಟೇ, ಮೊದ್ಲು ರಕ್ತ ಏರ್ಲಿ.

ಏನೂ ಕಾರಣ ಇಲ್ಲದೆ ಬರೀ ಹುಷಾರಿಗೆ ಅಂತ ತಿಂಗಳುಗಟ್ಟಲೆ ಮಲಗೋದು ಮಾತ್ರ ಒಳ್ಳೇದಲ್ಲ. ಅದ್ರಿಂದ ಕೂಸು ಚೆನ್ನಾಗಿ ಬೆಳೆಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ, ಮೈ ಬಿಗಿ ಸಡಿಲ ಆಗೋದು, ಮೂಳೆ ಸವೆಯೋದು ಬೇರೆ. ಬಸುರಿಲಿ ಮೊದ್ಲೇ ರಕ್ತ ಹೆಪ್ಪುಗಟ್ಟೋ ಗುಣ ಜಾಸ್ತಿ ಇರುತ್ತೆ. ಬೆಡ್ ರೆಸ್ಟ್ ಅಂತ ಚೀಟಿ ಕೊಟ್ರೆ ದಯವಿಟ್ಟು ಎರಡು ಪ್ರಶ್ನೆ ಕೇಳಿ, ಯಾಕೆ, ಎಷ್ಟು ದಿನ. ನಾನು ಎರಡನೇದನ್ನ ಕೇಳಲೇ ಇಲ್ಲ.

ವಾಕಿಂಗ್

ಹೆಚ್ಚಿನವರಿಗೆ ನಾನು ಮೊದ್ಲು ಹೇಳೋದು ಇದನ್ನೇ. ಖರ್ಚಿಲ್ಲ, ಕಲಿಯೋದೇನಿಲ್ಲ, ಬೇಡ ಅನ್ನಿಸಿದಾಗ ಅಲ್ಲೇ ನಿಲ್ಲಿಸ್ಬೋದು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಲಿ ತೊಂದ್ರೆ ಇಲ್ಲದ ಬಸುರಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಅಂದಿದೆ, ಕೆನಡಾದವರು 2019ರಲ್ಲೇ ಅದೇ 150 ಹೇಳಿದ್ರು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ತಾಸು, ಒಟ್ಟಿಗೇ ಆಗ್ಬೇಕಂತಿಲ್ಲ, ಊಟ ಆದ್ಮೇಲೆ ಹತ್ತತ್ತು ನಿಮಿಷದಂಗೆ ಮೂರು ಸಲ ಮಾಡಿದ್ರೂ ಅದೇ ಲೆಕ್ಕ, ಶುಗರ್ ಇರೋರಿಗಂತೂ ಊಟದ ನಂತರದ ಹತ್ತು ನಿಮಿಷ ತುಂಬಾ ಕೆಲಸ ಮಾಡುತ್ತೆ. ಮಧ್ಯಮ ಬಿರುಸು ಅಂದ್ರೇನು ಅಂತ ತಂಗಿ ಕೇಳಿದ್ಲು. ನಡೀತಾ ಮಾತಾಡೋಕೆ ಆಗ್ಬೇಕು, ಹಾಡು ಹೇಳೋಕೆ ಉಸಿರು ಸಾಲಬಾರ್ದು. ಮಾತಾಡೋಕೂ ಏದುಸಿರು ಬಂದ್ರೆ ಜಾಸ್ತಿ ಆಯ್ತು ಅಂತ.

ಇನ್ನು ಕೂಸು ಸಣ್ಣ ಆಗುತ್ತಾ ಅನ್ನೋ ಅವಳ ಭಯ. ಕೆನಡಾದ ಮಾರ್ಗಸೂಚಿಗೆ ಅಂತ ಸುಮಾರು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ವ್ಯಾಯಾಮ ಮಾಡಿದವರಲ್ಲಿ 4 ಕೆಜಿ ದಾಟೋ ಕೂಸಿನ ಸಾಧ್ಯತೆ ಸುಮಾರು 39 ಪರ್ಸೆಂಟ್ ಕಡಿಮೆ ಬಂತು, ಆದ್ರೆ ಕಡಿಮೆ ತೂಕದ ಕೂಸುಗಳು ಜಾಸ್ತಿ ಆಗ್ಲಿಲ್ಲ, ಅವಧಿಗೆ ಮೊದ್ಲು ಹುಟ್ಟೋದೂ ಜಾಸ್ತಿ ಆಗ್ಲಿಲ್ಲ. ಅಂದ್ರೆ ಮೇಲಿನ ತುದಿ ತಗ್ಗುತ್ತೆ, ಕೆಳಗಿನ ತುದಿ ಹಂಗೇ ಇರುತ್ತೆ. ಅಮೆರಿಕದ ಡಾಕ್ಟರ್ ಜೇಮ್ಸ್ ಕ್ಲ್ಯಾಪ್ ಅನ್ನೋರು 2000ನೇ ಇಸವಿಲಿ 46 ಹೆಂಗಸರ ಮೇಲೆ ಮಾಡಿದ್ದ ಸಣ್ಣ ಅಧ್ಯಯನ ಒಂದಿದೆ, ಮೊದ್ಲು ವ್ಯಾಯಾಮದ ಅಭ್ಯಾಸ ಇಲ್ಲದವರು ಎಂಟನೇ ವಾರದಿಂದ ವಾರಕ್ಕೆ ಮೂರರಿಂದ ಐದು ಸಲ ಮಾಡಿದಾಗ ಮಾಸು ಇನ್ನೂ ಚೆನ್ನಾಗಿ ಬೆಳೀತು, ಕೂಸಿನ ತೂಕಾನೂ ಸ್ವಲ್ಪ ಜಾಸ್ತೀನೇ ಇತ್ತು. ಅವರೆಲ್ಲಾ ಹೊಟ್ಟೆ ತುಂಬಾ ತಿಂತಿದ್ದವರು ಅನ್ನೋದು ನೆನಪಿರ್ಲಿ, ಮುಂದೆ ಇದು ಬೇಕಾಗುತ್ತೆ.

ದಾವಣಗೆರೆಲಿ ಎಲ್ಲಿ ನಡೆಯೋದು ಅಂದ್ರೆ ನಂಗೆ ಕುಂದುವಾಡ ಕೆರೆ ಏರಿ ಇಷ್ಟ, ಗಾಳಿ ಬರುತ್ತೆ, ದಾರಿ ಸಮ ಇದೆ, ಕೂರೋಕೂ ಜಾಗ. ಗಾಜಿನ ಮನೆ ಕಡೆ ಭಾನುವಾರ ಸಂಜೆ ಜನ ಜಾಸ್ತಿ, ಮಕ್ಕಳು ಓಡಾಡ್ತಿರ್ತಾವೆ, ಹೊಟ್ಟೆಗೆ ಡಿಕ್ಕಿ ಆಗ್ಬಾರ್ದಲ್ಲಾ, ವಾರದ ದಿನ ಬೆಳಗ್ಗೆ ಹೋಗಿ. ಮಾರ್ಚಿಂದ ಮೇವರೆಗೆ ನಮ್ಮೂರ ಬಿಸಿಲು ಗೊತ್ತೇ ಇದೆ, ಏಳೂವರೆ ಒಳಗೆ ಮುಗಿಸಿ ಇಲ್ಲಾ ಮನೆ ಮಾಳಿಗೆ ಮೇಲೆ ಹೊತ್ತು ಮುಳುಗಿದ ಮೇಲೆ ನಡೀರಿ, ಬಾಟಲಿಲಿ ನೀರು ಇರ್ಲೇಬೇಕು. ಚಿತ್ರದುರ್ಗದಲ್ಲಿ ಇರೋರು ಕೋಟೆ ಹತ್ತೋದು ಒಳ್ಳೇ ವ್ಯಾಯಾಮ ಅಂತಾರೆ, ಬಸುರಿಲಿ ಬೇಡ, ಆ ಕಲ್ಲು ಮೆಟ್ಟಿಲು ತುಳಿದು ತುಳಿದು ನುಣುಪಾಗಿದಾವೆ, ಹೊಟ್ಟೆ ಮುಂದೆ ಬಂದ್ಮೇಲೆ ತೂಕದ ಹಿಡಿತ ಬದಲಾಗಿರುತ್ತೆ, ಬಿದ್ರೆ ಕಷ್ಟ. ಕೋಟೆ ಕೆಳಗೆ ಸಮ ರಸ್ತೇಲಿ ನಡೀರಿ ಸಾಕು. ಚಪ್ಪಲಿ ಬದ್ಲು ಶೂ ಹಾಕಿ, ಸೀರೆ ಮೇಲೆ ಶೂ ಹಾಕಿದ್ರೆ ಯಾರೋ ನೋಡ್ತಾರೆ ಅಂತ ಸಂಕೋಚ ಬೇಡ.

ಯೋಗ

ವಾಕಿಂಗ್ ಮತ್ತೆ ಯೋಗ ಎರಡನ್ನೇ ಎದುರುಬದುರು ಇಟ್ಟು ನೋಡಿದ ಅಧ್ಯಯನ ನಮ್ಮ ಬೆಂಗಳೂರಲ್ಲೇ ಆಗಿದೆ, 2005ರಲ್ಲಿ ಬಂತು. 335 ಬಸುರಿಯರು, ಒಂದು ಗುಂಪಿಗೆ ದಿನಾ ಒಂದು ತಾಸು ಆಸನ, ಪ್ರಾಣಾಯಾಮ, ಧ್ಯಾನ, ಇನ್ನೊಂದು ಗುಂಪಿಗೆ ದಿನಕ್ಕೆರಡು ಸಲ ಅರ್ಧರ್ಧ ತಾಸು ವಾಕಿಂಗ್. ಐದನೇ ತಿಂಗಳ ಆಸುಪಾಸಿಂದ ಹೆರಿಗೆವರೆಗೆ. ಯೋಗದ ಗುಂಪಲ್ಲಿ 2.5 ಕೆಜಿ ಮತ್ತು ಮೇಲಿನ ಕೂಸುಗಳು ಜಾಸ್ತಿ, ಅವಧಿಗೆ ಮೊದ್ಲು ನೋವು ಬಂದಿದ್ದು ಕಡಿಮೆ. ಹಂಗಂತ ಯೋಗಾನೇ ಗೆದ್ದಿತು ಅಂತ ಹೇಳಿಬಿಡೋಕೆ ನಂಗೆ ಮನಸ್ಸಿಲ್ಲ, ಯಾಕಂದ್ರೆ ಅಲ್ಲಿ ಯಾರು ಯಾವ ಗುಂಪಿಗೆ ಅಂತ ಚೀಟಿ ಎತ್ತಿ ಹಾಕಿರ್ಲಿಲ್ಲ, ಯೋಗಕ್ಕೆ ಮನಸ್ಸು ಮಾಡಿ ಬರೋರು ಮೊದ್ಲೇ ಸ್ವಲ್ಪ ಬೇರೆ ಥರ ಇರ್ಬೋದು. ಆದ್ರೂ ತೂಕ ಕಡಿಮೆ ಇರೋ, ಟೆನ್ಷನ್ ಜಾಸ್ತಿ ಇರೋ, ರಾತ್ರಿ ನಿದ್ದೆ ಬರದ ಬಸುರಿಯರಿಗೆ ನಾನು ವಾಕಿಂಗಿಗಿಂತ ಯೋಗದ ಕಡೆ ಸ್ವಲ್ಪ ವಾಲ್ತೀನಿ. ಮೈಯಿಂದ ಹೆಚ್ಚು ಶಕ್ತಿ ಖರ್ಚಾಗಲ್ಲ, ಮನಸ್ಸು ಹಗುರ ಆಗುತ್ತೆ.

ಯೋಗದಲ್ಲಿ ವಾಕಿಂಗಿಗಿಲ್ಲದ ಒಂದು ಅಪಾಯ ಅಂದ್ರೆ ತಪ್ಪು ಕಲಿಯೋದು. ಮೊಬೈಲ್ ನೋಡಿ ಮಾಡ್ಬೇಡಿ, ಬಸುರಿಯರಿಗೆ ಹೇಳಿಕೊಟ್ಟು ಅಭ್ಯಾಸ ಇರೋ ಟೀಚರ್ ಹತ್ರ ಹೋಗಿ. ತಾಡಾಸನ, ಬದ್ಧಕೋಣಾಸನ ಅಂದ್ರೆ ಚಿಟ್ಟೆ ಥರ ಕೂತು ಮೊಣಕಾಲು ಆಡಿಸೋದು, ಮಾರ್ಜಾಲಾಸನ, ನಿಧಾನ ಉಸಿರಾಟ ಇವೆಲ್ಲಾ ಸರಿ. ಹೊಟ್ಟೆ ಮೇಲೆ ಮಲಗಿ ಮಾಡೋ ಭುಜಂಗಾಸನ, ಧನುರಾಸನ, ತಲೆ ಕೆಳಗಾಗೋ ಆಸನ, ಹೊಟ್ಟೆ ಜಗ್ಗೋ ಕಪಾಲಭಾತಿ, ಉಸಿರು ಬಿಗಿಹಿಡಿಯೋದು, ಇವು ಬೇಡ. ಐದು ತಿಂಗಳಾದ ಮೇಲೆ ಶವಾಸನಾನೂ ಬೆನ್ನ ಮೇಲೆ ತುಂಬಾ ಹೊತ್ತು ಬೇಡ, ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತೆ, ಎಡಕ್ಕೆ ಮಗ್ಗಲಾಗಿ ದಿಂಬು ಕೊಟ್ಟು ಮಲಗಿ. ಇನ್ನೊಂದು, ಬರೀ ಯೋಗ ಮಾಡ್ತೀನಿ ಅಂತ ತೂಕ ಜಾಸ್ತಿ ಇರೋರು ಕೂತ್ರೆ ಸಾಲಲ್ಲ, ನಿಧಾನದ ಯೋಗದಲ್ಲಿ ಎದೆಬಡಿತ ಅಷ್ಟೊಂದು ಏರಲ್ಲ, ಶುಗರ್ ಇಳಿಸೋಕೆ ನಡಿಗೆ ಜೊತೆಗೆ ಇರ್ಲೇಬೇಕು.

ಮನೆಗೆಲಸ, ಹೊಲದ ಕೆಲಸ

ಇದನ್ನ ಸ್ವಲ್ಪ ಉದ್ದ ಬರೀತೀನಿ, ನಮ್ಮ ಜಿಲ್ಲೇಲಿ ಹೆಚ್ಚಿನ ಬಸುರಿಯರಿಗೆ ವಾಕಿಂಗಾ ಯೋಗಾನಾ ಅನ್ನೋ ಆಯ್ಕೆ ಬರೋದೇ ಇಲ್ಲ, ಕೆಲಸಾನೇ ಇರೋದು.

ನಮ್ಮವ್ವ ಹೇಳೋದು, "ನಾವು ಕುಟ್ಟೀವಿ, ಬೀಸೀವಿ, ನೀರು ಹೊತ್ತೀವಿ, ಹೊಲದಾಗಿಂದ ಬಂದು ಹಡದೀವಿ, ಏನಾತು?" ಅಂತ. ಅವ್ವನ ಮಾತು ಪೂರ್ತಿ ಸುಳ್ಳಲ್ಲ, ಮೈ ಬಿಗಿ ಇರೋರಿಗೆ ಹೆರಿಗೇಲಿ ತಡ್ಕೊಳ್ಳೋ ಶಕ್ತಿ ಇರುತ್ತೆ. ಆದ್ರೆ ನಾನು ಅವ್ವನ್ನ ಕೂರಿಸಿಕೊಂಡು ಕೇಳಿದೆ, ನೀನು ಹಡೆದ ಐದರಲ್ಲಿ ಎಷ್ಟು ಕೂಸು ಸಣ್ಣ ಇದ್ವು, ಎಷ್ಟು ಉಳಿದ್ವು ಅಂತ. ಅವ್ವ ಸ್ವಲ್ಪ ಹೊತ್ತು ಸುಮ್ನೆ ಕೂತ್ಲು. ಉಳಿದಿದ್ದು ನಾವು ಮೂರು.

ಪುಣೆ ಹತ್ರದ ಆರು ಹಳ್ಳಿಗಳಲ್ಲಿ ಸುಮಾರು 800 ಹೆಂಗಸರನ್ನ ನೋಡಿದ ಅಧ್ಯಯನ 2003ರಲ್ಲಿ ಬಂತು, ಯಾಜ್ಞಿಕ್ ಅವರ ತಂಡದ್ದೇ. ಬಸುರಿಲಿ ಯಾರು ಎಷ್ಟು ಹೊಲದ ಕೆಲಸ ಮಾಡ್ತಾರೆ, ಎಷ್ಟು ನೀರು ತರ್ತಾರೆ, ಎಷ್ಟು ಹೊತ್ತು ಮನೆಗೆಲಸ ಅಂತ ಸುಮಾರು 18ನೇ ವಾರ ಮತ್ತೆ 28ನೇ ವಾರದಲ್ಲಿ ಕೇಳಿ ಬರೆದುಕೊಂಡ್ರು. ಕೆಲಸದ ಹೊರೆ ಜಾಸ್ತಿ ಇದ್ದೋರ ಕೂಸುಗಳು ಸರಾಸರಿ ತೂಕ ಕಡಿಮೆ, ತಲೆ ಸುತ್ತಳತೆ ಕಡಿಮೆ, ತೋಳಿನ ಸುತ್ತಳತೆ ಕಡಿಮೆ. ಇದನ್ನ ಓದಿದಾಗ ನಂಗೆ ನಮ್ಮ ಜಗಳೂರಿನ ಹೊಲಾನೇ ಕಣ್ಣ ಮುಂದೆ ಬಂತು.

ಹಂಗಾದ್ರೆ ಕೆನಡಾದಲ್ಲಿ ವ್ಯಾಯಾಮ ಮಾಡಿದ್ರೆ ಏನೂ ಆಗಲ್ಲ, ಪುಣೇಲಿ ಕೆಲಸ ಮಾಡಿದ್ರೆ ಕೂಸು ಸಣ್ಣ ಆಗುತ್ತೆ, ಇದು ಹೆಂಗೆ? ವ್ಯಾಯಾಮ ಬೇರೆ, ದುಡಿಮೆ ಬೇರೆ. ಅರ್ಧ ತಾಸು ನಡೆದೋಳು ಮನೆಗೆ ಬಂದು ಕೂತ್ಕೋತಾಳೆ, ತಿಂತಾಳೆ, ಮಲಗ್ತಾಳೆ. ಹೊಲದೋಳು ಆರು ತಾಸು ಬಗ್ಗಿ ಕಳೆ ತೆಗೆದು, ಬಿಸಿಲಲ್ಲಿ ನಿಂತು, ಮೇವಿನ ಹೊರೆ ಹೊತ್ತು ಬಂದು, ಎಮ್ಮೆ ಕರೆದು, ರೊಟ್ಟಿ ಬಡಿದು, ಎಲ್ಲರಿಗೂ ಹಾಕಿ, ಉಳಿದದ್ದು ಉಂಡು ಮಲಗ್ತಾಳೆ. ಖರ್ಚಾದ ಶಕ್ತಿ ವಾಪಸ್ ತುಂಬಲ್ಲ. ಮೈ ಬೇರೆ ತೆಳ್ಳಗೆ, ರಕ್ತ ಬೇರೆ ಕಡಿಮೆ. ಆ ಕಡೆ ಕೂಸಿಗೆ ಹೋಗ್ಬೇಕಾದ್ದು ಕೆಲಸಕ್ಕೆ ಹೋಗುತ್ತೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ: ಹೊಲದ ಕೆಲಸಾನ ವ್ಯಾಯಾಮದ ಲೆಕ್ಕಕ್ಕೆ ಹಾಕ್ಬೇಡಿ, ಕೆಲಸ ಮಾಡೋಳಿಗೆ ಮತ್ತೆ ವಾಕಿಂಗ್ ಹೋಗು ಅಂತಾನೂ ಹೇಳ್ಬೇಡಿ.

ಪುಣೆಯ ಆ ಹಳ್ಳಿಗಳಿಂದಾನೇ ಇನ್ನೊಂದು ಮಾತೂ ಬಂತು, ಹಸಿರು ಸೊಪ್ಪು, ಹಾಲು, ಹಣ್ಣು ಪದೇ ಪದೇ ತಿಂದೋರ ಕೂಸುಗಳ ಅಳತೆ ಚೆನ್ನಾಗಿತ್ತು. ಇವು ನಮ್ಮ ಹಳ್ಳೀಲಿ ಇಲ್ಲದ್ದಲ್ಲ. ಹೊಲದ ಬದುವಿನ ಸೊಪ್ಪು ಇದೆ, ಮನೇಲೇ ಎಮ್ಮೆ ಇದೆ, ಆದ್ರೆ ಹಾಲು ಪೂರಾ ಡೈರಿಗೆ ಹೋಗುತ್ತೆ, ಬಸುರಿಗೆ ಚಾಕ್ಕೆ ಹಾಕೋಷ್ಟು ಉಳಿದ್ರೆ ಹೆಚ್ಚು. ನಾನು ತಮ್ಮನಿಗೆ ಹೇಳಿದೆ, ದಿನಾ ಅರ್ಧ ಲೀಟರ್ ಮನೇಲಿ ಇರ್ಲಿ, ಅದು ಅವ್ಳಿಗೆ ಅಂತಾನೇ ಎತ್ತಿಡು. ಅಂಗನವಾಡೀಲಿ ಮಾತೃಪೂರ್ಣ ಊಟ 2017ರ ಅಕ್ಟೋಬರ್ 2ರಿಂದ ರಾಜ್ಯದ ತುಂಬಾ ಇದೆ, ಮಧ್ಯಾಹ್ನದ ಬಿಸಿ ಊಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ, ಅದನ್ನ ನಾಚಿಕೆ ಬಿಟ್ಟು ಹೋಗಿ ಅಲ್ಲೇ ಕೂತು ಉಣ್ಣು ಅಂದೆ, ಮನೆಗೆ ತಂದ್ರೆ ಹಂಚಿ ಹೋಗುತ್ತೆ. ನಾಲ್ಕನೇ ತಿಂಗಳಿಂದ ದಿನಕ್ಕೆ ಸುಮಾರು 350 ಕ್ಯಾಲರಿ ಜಾಸ್ತಿ ಬೇಕು, ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಿಡಿ ಶೇಂಗಾ ಅಂದ್ರೆ ಅಷ್ಟು ಬಂತು. ಕಬ್ಬಿಣದ ಮಾತ್ರೆ 180 ದಿನ ಅಂತ ಆಶಾ ಅಕ್ಕ ಕೊಡ್ತಾರೆ, ಮಲ ಕಪ್ಪಗಾಗುತ್ತೆ ಅಂತ ಬಿಡ್ಬೇಡಿ, ಚಾ ಜೊತೆ ನುಂಗ್ಬೇಡಿ.

ಕೆಲವು ಮನೇಲಿ "ಜಾಸ್ತಿ ಉಣ್ಣಬ್ಯಾಡ, ಕೂಸು ದಪ್ಪ ಆದ್ರೆ ಹಡಿಯಾಕ ಆಗಲ್ಲ" ಅಂತಾರೆ. ತೆಳ್ಳಗಿರೋ ಸೊಸೆಗೆ ಇದನ್ನ ಹೇಳೋದು ಅನ್ಯಾಯ. ದಪ್ಪ ಕೂಸಿನ ಅಪಾಯ ಬರೋದು ಸಕ್ಕರೆಯಿಂದ, ವಿಪರೀತ ತೂಕದಿಂದ, 42 ಕೆಜಿ ಹುಡುಗಿ ಒಂದು ರೊಟ್ಟಿ ಜಾಸ್ತಿ ತಿಂದ್ರೆ ಅಲ್ಲ.

ಮನೆಗೆಲಸದಲ್ಲಿ ಕಸ ಗುಡಿಸೋದು, ಅಡಿಗೆ, ಹಗುರ ಬಟ್ಟೆ ಒಗೆಯೋದು ನಡೀಲಿ. ಕುಕ್ಕರಗಾಲಲ್ಲಿ ಕೂತು ನೆಲ ಒರೆಸಿದ್ರೆ ನಾರ್ಮಲ್ ಆಗೇ ಆಗುತ್ತೆ ಅನ್ನೋದಕ್ಕೆ ಖಾತ್ರಿ ಏನೂ ಇಲ್ಲ, ಆಗೋರು ಮಾಡ್ಲಿ, ಮೊಣಕಾಲು ನೋವಿದ್ರೆ ಬೇಡ. ತುಂಬಿದ ಕೊಡ, ಸಿಲಿಂಡರ್, ಮೇವಿನ ಹೊರೆ, ಗೊಬ್ಬರದ ಬುಟ್ಟಿ, ಇವು ಬೇರೆಯವರು ಎತ್ಲಿ. ದಿನಾ ಗಂಟೆಗಟ್ಟಲೆ ನಿಂತೇ ಇರೋದು, ಭಾರ ಎತ್ತೋದು ಇವೆರಡಕ್ಕೂ ಬೇಗ ಹೆರಿಗೆ ಆಗೋದಕ್ಕೂ ನಂಟಿದೆ. ಮಂಡಕ್ಕಿ ಭಟ್ಟಿ ಥರ ಬೆಂಕಿ ಮುಂದಿನ ಕೆಲಸ ಮಾಡೋರಿಗೆ ಕಾವೇ ಒಂದು ಹೊರೆ, ಸಾಧ್ಯ ಆದಷ್ಟು ಭಟ್ಟಿಯಿಂದ ದೂರದ ಕೆಲಸ, ಅಂದ್ರೆ ಸಾಣಿಸೋದು ತುಂಬೋದು, ಇಸ್ಕೊಳ್ಳಿ. ಶೇಂಗಾ ಸುಲಿಯೋದು, ಬೀಜ ಆರಿಸೋದು ಥರ ಕೂತು ಮಾಡೋ ಕೆಲಸ ಬಸುರಿಗೆ ಬಿಟ್ಟು ಬಗ್ಗೋ ಕೆಲಸ ಉಳಿದೋರು ಹಂಚ್ಕೊಂಡ್ರೆ ಕೂಲಿ ಕೊಡ್ಬೇಕಾಗೂ ಇಲ್ಲ.

ಜಿಮ್, ಸೈಕಲ್, ಈಜು

ಮೊದ್ಲಿಂದ ಜಿಮ್ಮಿಗೆ ಹೋಗ್ತಿದ್ದೋರು ಹಗುರ ತೂಕ ಎತ್ತೋದು ಮುಂದುವರಿಸ್ಬೋದು, ಉಸಿರು ಬಿಗಿಹಿಡಿದು ಮುಕ್ಕರಿಬಾರ್ದು ಅಷ್ಟೇ, ಬಸುರಿಲೇ ಹೊಸದಾಗಿ ಭಾರಿ ತೂಕಕ್ಕೆ ಕೈ ಹಾಕ್ಬೇಡಿ. ನಿಂತಲ್ಲೇ ತುಳಿಯೋ ಸೈಕಲ್ ಒಳ್ಳೇದು, ಬೀಳೋ ಭಯ ಇಲ್ಲ, ರಸ್ತೆ ಸೈಕಲ್ ನಮ್ಮ ಹಂಪುಗಳ ಮಧ್ಯೆ ಬೇಡ. ಈಜು ಗೊತ್ತಿರೋರಿಗೆ ಸೊಂಟನೋವಿಗೆ ಅದರಷ್ಟು ಹಿತ ಯಾವ್ದೂ ಇಲ್ಲ, ನೀರು ಭಾರ ಹೊತ್ಕೊಳ್ಳುತ್ತೆ, ಆದ್ರೆ ಶುಚಿ ಇರೋ ಕೊಳದಲ್ಲಿ ಮಾತ್ರ, ಭದ್ರಾ ನಾಲೆಗೆ ಇಳಿಯೋ ಯೋಚ್ನೇನೇ ಬೇಡ, ಅಲ್ಲಿ ನೀರಿನ ಸೆಳೆತಕ್ಕೆ ಈಜು ಬಂದೋರೇ ಹೋಗಿದಾರೆ. ಓಡೋದು, ಕಬಡ್ಡಿ, ಶಟಲ್ ಥರದ್ದು ಹೊಸಬರಿಗೆ ಬೇಡ.

ನಮ್ಮಿಬ್ರಿಗೆ ನಾನು ಏನು ಹೇಳ್ದೆ

ತಂಗಿ 160 ಸೆಂಟಿಮೀಟರ್, ಬಸುರಿಗೆ ಮೊದ್ಲು 74 ಕೆಜಿ. ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 29ರ ಹತ್ರ. ಆ ಲೆಕ್ಕದಲ್ಲಿ ಅವಳು ಇಡೀ ಬಸುರಲ್ಲಿ ಏರಬೇಕಾದ್ದು 7ರಿಂದ 11.5 ಕೆಜಿ, ಐದನೇ ತಿಂಗಳಿಗೇ 6 ಏರಿದಾಳೆ. ನಮ್ಮವ್ವನಿಗೆ ಶುಗರ್ ಇದೆ, ನನಗೆ ಬಂದಿತ್ತು. ಅವಳಿಗೆ ವಾಕಿಂಗ್ ಮೊದ್ಲು, ವಾರಕ್ಕೆರಡು ದಿನ ಯೋಗ ಜೊತೆಗೆ, ಬ್ಯಾಂಕಲ್ಲಿ ತಾಸಿಗೊಮ್ಮೆ ಎದ್ದು ಐದು ನಿಮಿಷ ಓಡಾಟ. ರಾತ್ರಿ ಊಟ ಆದ್ಮೇಲೆ ಗಂಡನ ಜೊತೆ ಬೀದಿ ಸುತ್ತೋದು. ಮೊದ್ಲ ವಾರ ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ ವಾರ ವಾರ ಐದು ಏರಿಸು ಅಂದಿದೀನಿ. 24ರಿಂದ 28ನೇ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ರಕ್ತ ನೋಡೋ ಟೆಸ್ಟ್ ತಪ್ಪಿಸಂಗಿಲ್ಲ, 140 ಮುಟ್ಟಿದ್ರೆ ಸಕ್ಕರೆ ಅಂತ ಲೆಕ್ಕ. ಭಾನುವಾರದ ಬೆಣ್ಣೆ ದೋಸೆ ಬಿಡು ಅಂತ ನಾನು ಹೇಳ್ಲಿಲ್ಲ, ತಿಂಗಳಿಗೊಂದು ಸಲ ತಿನ್ನು, ತಿಂದು ನಡಿ ಅಂದೆ.

ತಮ್ಮನ ಹೆಂಡ್ತಿ 153 ಸೆಂಟಿಮೀಟರ್, 42 ಕೆಜಿ, ಬಿಎಂಐ 18ಕ್ಕಿಂತ ಸ್ವಲ್ಪ ಕಡಿಮೆ, ಹಿಮೋಗ್ಲೋಬಿನ್ 9.2. ಅವಳು 12.5ರಿಂದ 18 ಕೆಜಿ ಏರಬೇಕು, ಇಲ್ಲಿವರೆಗೆ ಏರಿದ್ದು 2. ಅವಳಿಗೆ ವ್ಯಾಯಾಮ ಸೇರಿಸೋ ಮಾತೇ ಇಲ್ಲ, ಹೊಲದ ಕೆಲಸ ಅರ್ಧ ದಿನಕ್ಕೆ ಇಳಿಸೋದು, ನೀರು ಮತ್ತೆ ಮೇವು ತಮ್ಮ ನೋಡ್ಕೊಳ್ಳೋದು, ಮಧ್ಯಾಹ್ನ ಊಟ ಆದ್ಮೇಲೆ ಎರಡು ತಾಸು ಎಡಮಗ್ಗಲು ಮಲಗೋದು. ಸಂಜೆ ಹತ್ತು ನಿಮಿಷ ಉಸಿರಾಟ, ಚಿಟ್ಟೆ ಆಸನ, ಸೊಂಟ ಸಡಿಲ ಆಗೋಷ್ಟು. ಅವ್ವನಿಗೆ ಇದನ್ನ ಒಪ್ಪಿಸೋದು ಸುಲಭ ಇರ್ಲಿಲ್ಲ. ಅವ್ವ ಕಳ್ಕೊಂಡ ಎರಡು ಕೂಸಿನ ನೆನಪಿನ ಮುಂದೆ ನಾನು ಜಾಸ್ತಿ ವಾದ ಮಾಡ್ಲಿಲ್ಲ, "ಅವ್ವಾ, ಇದೊಂದು ಸಲ ನೋಡೋಣ" ಅಂದೆ, ಅವ್ವ ಆಯ್ತು ಅಂದ್ಲು, ಮರುದಿನದಿಂದ ಎಮ್ಮೆ ತಾನೇ ಕರೀತಿದಾಳೆ.

ನೀವು ಇವರಿಬ್ರ ನಡುವೆ ಎಲ್ಲೋ ಇರ್ತೀರಿ. ತೂಕ ಸರಿ ಇದೆ, ಹಿಮೋಗ್ಲೋಬಿನ್ 11ರ ಮೇಲಿದೆ, ದಿನದ ಬಹುಪಾಲು ಕೂತೇ ಇರ್ತೀರಿ ಅಂದ್ರೆ ವಾಕಿಂಗೋ ಯೋಗಾನೋ ನಿಮಗೆ ಇಷ್ಟ ಆದದ್ದು, ಬಿಡದೆ ಮಾಡೋಕೆ ಆಗೋದು. ದಿನಾ ಬೆಳಗಿಂದ ಸಂಜೆವರೆಗೆ ಮೈ ಮುರಿಯೋ ಕೆಲಸ ಇದೆ ಅಂದ್ರೆ ಮೊದ್ಲು ಕೆಲಸ ಇಳಿಸಿ, ಊಟ ಏರಿಸಿ.

ಯಾವ್ದೇ ಆರಿಸಿ, ರಕ್ತ ಕಂಡ್ರೆ, ನೀರು ಹೋದ್ರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯಾಗಿ ನೋವು ಬಂದ್ರೆ, ತಲೆ ಸುತ್ತಿದ್ರೆ, ಎದೆ ನೋವು, ಕೂತಾಗಲೂ ಏದುಸಿರು, ಜೋರು ತಲೆನೋವು ಕಣ್ಣು ಮಂಜು, ಒಂದೇ ಮೀನಖಂಡ ಊದಿ ನೋವಾದ್ರೆ, ಕೂಸಿನ ಓಡಾಟ ಕಡಿಮೆ ಅನ್ನಿಸಿದ್ರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬೆಳಗ್ಗೆ ನೋಡೋಣ ಅಂತ ರಾತ್ರಿ ಕಳೀಬೇಡಿ.

ಕೂಸು ಸರಿಯಾಗಿ ಬೆಳೀತಿದೆಯಾ ಅಂತ ಹೊಟ್ಟೆ ನೋಡಿ ಪಕ್ಕದ ಮನೆಯವರು ಹೇಳೋದನ್ನ ತಲೆಗೆ ಹಾಕ್ಕೋಬೇಡಿ. ಐದು ತಿಂಗಳಾದ ಮೇಲೆ ಪ್ರತಿ ಸಲ ಟೇಪ್ ಹಿಡಿದು ಹೊಟ್ಟೆ ಎತ್ತರ ಅಳೆಸಿ, ವಾರದ ಸಂಖ್ಯೆಗೂ ಸೆಂಟಿಮೀಟರಿಗೂ ಹೆಚ್ಚುಕಡಿಮೆ ಹೊಂದ್ಬೇಕು, ಎರಡು ಮೂರಕ್ಕಿಂತ ಜಾಸ್ತಿ ಹೆಚ್ಚುಕಡಿಮೆ ಬಂದ್ರೆ ಗ್ರೋತ್ ಸ್ಕ್ಯಾನ್ ಕೇಳಿ. ತೂಕ, ಬಿಪಿ, ರಕ್ತ ಎಲ್ಲಾ ತಾಯಿ ಕಾರ್ಡಲ್ಲಿ ಬರೆಸಿಕೊಳ್ಳಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ದಾಟಿದ ಬಸುರಿಯರಿಗೆ ದುಡ್ಡಿಲ್ಲದೆ ಡಾಕ್ಟ್ರು ನೋಡ್ತಾರೆ. ಈ ಸಲ 9ಕ್ಕೆ ತಮ್ಮ ಹೆಂಡ್ತೀನ ಕರ್ಕೊಂಡು ಜಗಳೂರಿಗೆ ಬರ್ತಾನೆ, ನಾನೂ ಬೆಳಗಿನ ಬಸ್ಸಿಗೆ ಹೋಗ್ತೀನಿ, ಅರ್ಧ ಲೀಟರ್ ಹಾಲಿನ ಲೆಕ್ಕಾನೂ ಕೇಳೋದಿದೆ.